ವಿದುಕಾಸ್ಸೆಸ್ ಇವರಿಗೆ

ಓಝೂಫಮ್ಮನ ಸೇಬಿನ ತೋಟದಲ್ಲಿ
ಚರಂಡಿ ಕೊಳವೆಗೆಂದು ಅಗೆದಾಗ ಸಿಕ್ಕ ಕಲ್ಲು.
ಸುಣ್ಣದ ಬಿಳುಪು, ಗೇಣು ಅಗಲ,
ಮುಂದೆ ಮುರಿದಿದೆ, ಹಿಂದೆಯೂ ಮುರಿದಿದೆ,
ನಡುವೆ ಉಳಿದದ್ದು ಮೂರೇ ಉಸಿರು:
ದು ಕಾ ಸ್ಸೆ.

ಪಟ್ಟಣದಿಂದ ಬಂದ ಸೊಲೀನ್
ಹಲ್ಲುಜ್ಜುವ ಬ್ರಷ್ಷಿನಿಂದ ಮಣ್ಣು ತೆಗೆಯುತ್ತ,
ಮಗುವಿನ ಕಿವಿಯ ಹಿಂದೆ ಒರೆಸುವವಳ ಹಾಗೆ,
‘ವಿದುಕಾಸ್ಸೆಸ್’ ಅಂದಳು.
ರೋಮಿನವರು ಬರುವ ಮುಂಚೆ
ಇಲ್ಲಿ ಒಲೆ ಹಚ್ಚುತ್ತಿದ್ದವರ ಹೆಸರು.
‘ಹಾಗಂದರೆ?’ ಓಝೂಫಮ್ಮನ ಕೈಯಲ್ಲಿ ಬಕೆಟ್ಟು.
ವಿದು ಅಂದರೆ ಕಾಡು, ಬಹುಶಃ.
ಕಾಸ್ಸೆಸ್ ಅಂದರೆ ಗುಂಗುರು ಕೂದಲು ಅನ್ನುವವರಿದ್ದಾರೆ,
ತವರ ಅನ್ನುವವರೂ ಇದ್ದಾರೆ,
ಉಳಿದವರು ಕೆಮ್ಮಿ ಸುಮ್ಮನಾಗುತ್ತಾರೆ.

ಕನ್ನಡದ ಕಿವಿಗೆ ಕೇಳಿಸುವುದೇ ಬೇರೆ:
ಒಳಗೆ ಕಾಸಿದೆ, ಅದರ ಬೆನ್ನಿಗೇ ಸೆಸ್ಸೂ ಇದೆ.
ತೆರಿಗೆಯವನು ಬರೆದುಕೊಂಡ ಹೆಸರೇ ಸರಿ.

ಬೇಲಿಯಾಚೆ ಆನ್ಸೆಲ್ಮ್ ತುರ್ಪ್ಯಾಂ ನಿಂತಿದ್ದ.
ಮೂವತ್ತೆಂಟು ವರ್ಷ ಈ ಊರಿಗೆ ಟಪ್ಪಾಲು ಹಂಚಿದವನು.
ಮಳೆಗೆ ಇಂಕು ಕದಡಿದ ವಿಳಾಸ,
ಜ್ವರದಲ್ಲಿ ಬರೆದದ್ದು, ಜೈಲಿನಿಂದ ಬರೆದದ್ದು,
‘ಚರ್ಚಿನ ಹಿಂದೆ, ಕುಂಟು ನಾಯಿಯ ಮನೆ’
ಎಂದಷ್ಟೇ ಇದ್ದದ್ದು,
ಎಲ್ಲವನ್ನೂ ಬಾಗಿಲಿಗೆ ಮುಟ್ಟಿಸಿದವನು.

ಊರ ಹೆಸರು ವ್ಯೊ. ಅಲ್ಲಿಯ ಮಾತಿನಲ್ಲಿ ಹಾಗಂದರೆ ಮುದಿ.
ನಾಮಫಲಕದ ಕೆಳಗೆ ಮದುವೆ ಗಂಡುಗಳನ್ನು ನಿಲ್ಲಿಸಿ
ಫೋಟೊ ತೆಗೆದು ನಕ್ಕದ್ದುಂಟು,
ಕಾನ್ ನಗರದ ಗುಮಾಸ್ತರು ಪ್ರತಿ ಸಲ
‘ಏನಪ್ಪಾ, ಮುದಿಯೂರು’ ಅಂದದ್ದುಂಟು.
ಮುದಿತನವಲ್ಲವಂತೆ ಅದು. ಸವೆತ.
ಎರಡು ಸಾವಿರ ವರ್ಷ ಬಾಯಿಂದ ಬಾಯಿಗೆ ದಾಟುತ್ತ
ಅಜ್ಜಿಯ ಹಲ್ಲಿನ ಹಾಗೆ ಒಂದೊಂದೇ ಉದುರಿ,
ಮೊದಲು ಸೆಸ್ ಹೋಯಿತು,
ಆಮೇಲೆ ಕಾಸು,
ಆಮೇಲೆ ಯಾವಾಗಲೋ ಕಾಡು.
ತುಟಿಯ ಮೇಲೆ ಉಳಿದದ್ದು
ದೀಪ ಆರಿಸುವುದಕ್ಕೆ ಸಾಕಾಗುವಷ್ಟು ಗಾಳಿ:
ವ್ಯೊ.

‘ಅವರೇ ಕೆತ್ತಿಕೊಂಡದ್ದೋ?’ ಆನ್ಸೆಲ್ಮ್ ಕೇಳಿದ.
ಅಲ್ಲ. ಲ್ಯಾಟಿನ್ನು ಗೆದ್ದವರದು.
ಕುದುರೆ ಎಷ್ಟು, ಧಾನ್ಯ ಎಷ್ಟು, ಒತ್ತೆಯಾಳು ಎಷ್ಟು
ಎಂದು ಬರೆಯುವಾಗ ಎದುರಿಗೊಂದು ಹೆಸರು ಬೇಕಲ್ಲ.
ತಮ್ಮತಮ್ಮಲ್ಲೇ ಅವರು ಏನೆಂದುಕೊಳ್ಳುತ್ತಿದ್ದರೋ,
ಬಹುಶಃ ‘ನಾವು’ ಅಂತಿದ್ದಿರಬೇಕು.
ಅದನ್ನು ಯಾರೂ ಕಲ್ಲಿಗೆ ಹಾಕಲಿಲ್ಲ.

ಮಂಜು ಇಳಿಯುತ್ತಿತ್ತು. ಬಿದ್ದ ಸೇಬುಗಳ ಹುಳಿವಾಸನೆ.
ಕಲ್ಲನ್ನು ಪೆಟ್ಟಿಗೆಗಿಟ್ಟು ಸೊಲೀನ್
ಚೀಟಿ ಬರೆಯಲು ಬೆರಳು ಮರಗಟ್ಟಿದೆ ಅಂದಾಗ
ಆನ್ಸೆಲ್ಮ್ ಬೇಲಿ ದಾಟಿ ಬಂದ.
ಪೆನ್ಸಿಲ್ಲಿನ ಮೊನೆ ನಾಲಗೆಗೆ ತಾಗಿಸಿ ನಿಂತ.
ಕೈಗೆ ರೂಢಿಯಾದ ಸಾಲು ಒಂದಿತ್ತು,
ಸಾವಿರ ಲಕೋಟೆಗಳ ಮೇಲೆ ಬರೆದದ್ದು:
ವಿಳಾಸದಾರರು ಇಲ್ಲಿ ವಾಸವಿಲ್ಲ.
ಮೊದಲ ಅಕ್ಷರದ ಅರ್ಧಕ್ಕೆ ಪೆನ್ಸಿಲ್ಲು ನಿಂತಿತು.
ಕಳಿಸಿದವರ ಊರೂ ಇಲ್ಲ ಇದರ ಮೇಲೆ.
ವಾಪಸು ಮಾಡುವುದಾದರೂ ಎಲ್ಲಿಗೆ?

ಓಝೂಫಮ್ಮನ ಕಡೆ ನೋಡಿದ.
ತಲೆವಸ್ತ್ರದಿಂದ ತಪ್ಪಿಸಿಕೊಂಡು
ಮಂಜಿಗೆ ಇನ್ನಷ್ಟು ಸುತ್ತಿಕೊಂಡಿದ್ದ ನರೆಗೂದಲು.
ಏನೂ ಹೇಳಲಿಲ್ಲ.
ಚೀಟಿ ತಿರುಗಿಸಿ ಅವಳ ಮುಂದೆ ಹಿಡಿದು,
‘ರಿಜಿಸ್ಟರ್ಡ್ ಇದು. ಸಹಿ ಹಾಕಿ’ ಅಂದ.

ಮಣ್ಣಿನ ಹೆಬ್ಬೆರಳು ಒರೆಸಿಕೊಳ್ಳದೆಯೇ
ಅವಳು ಸಹಿ ಹಾಕಿದಳು.
ಆಮೇಲೆ, ಸೊಲೀನ್ ಕಡೆ ತಿರುಗಿ:
‘ಅದೆಲ್ಲ ಸರಿ,
ನನ್ನ ಕೊಳವೆ ಹಾಕುವುದು ಯಾವಾಗ?’